ಬ್ರೇಕಿನ ಸ್ಕ್ರೂ ಬದಲಿಸಿದ ಮಳೆಗಾಲ

ಕಳೆದ ತಿಂಗಳು ಪಿಂಚಣಿಯ ಒಂದು ಕಾಗದದ ಕೆಲಸಕ್ಕೆ ಬದಿಯಡ್ಕಕ್ಕೆ ಹೋಗಬೇಕಾಯಿತು. ಈಗ ನಾನಿರುವುದು ಮೀಂಜದಲ್ಲಿ, ಮಗಳ ಮನೆಯಲ್ಲಿ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಹೊರಗೆ ಜಡಿಮಳೆ, ಟರ್ಪಾಲು ಇಳಿಸಿದ್ದರೂ ಒಳಗೆಲ್ಲ ಎರಚಲು. ಅಷ್ಟು ದೂರ ಒದ್ದೆ ಕಂಬಿ ಹಿಡಿದೇ ನಿಂತವಳು ಪೇಟೆಯಲ್ಲಿ ಇಳಿದು ಮುಖ ಒರೆಸಿಕೊಳ್ಳಲು ಕೈ ಎತ್ತಿದರೆ ಅಂಗೈ ತುಂಬ ಒದ್ದೆ ಕಬ್ಬಿಣದ ವಾಸನೆ. ಮತ್ತೆ ನನ್ನಿಂದ ತಡೆಯಲಾಗಲಿಲ್ಲ. ಬಸ್‌ಸ್ಟ್ಯಾಂಡಿನ ನಡುವೆ ನಿಂತು ಸ್ವಂತ ಕೈ ಮೂಸಿ ಅಳುವ ಹೆಂಗಸನ್ನು ಕಂಡವರು ಏನು ಎಣಿಸಿದರೋ ಗೊತ್ತಿಲ್ಲ. ಕೊಡೆ ಅಡ್ಡ ಹಿಡಿದುಕೊಂಡೆ.

ಅಲ್ಲಿಂದ ನೂರು ಹೆಜ್ಜೆ ದೂರದಲ್ಲಿ ನಮ್ಮ ಸೈಕಲ್ ಅಂಗಡಿ ಇತ್ತು. ಈಗ ಮೊಬೈಲಿನ ಅಂಗಡಿ. ಗಾಜು, ಬಣ್ಣದ ಲೈಟು ಎಲ್ಲ ಹಾಕಿ ಚಂದ ಮಾಡಿದ್ದಾರೆ. ನಮ್ಮದು ಅಷ್ಟು ಚಂದ ಯಾವತ್ತೂ ಇರಲಿಲ್ಲ.

ನನ್ನ ಗಂಡನ ಹೆಸರು ಐತಪ್ಪ. ಗಂಡನ ಹೆಸರು ಹೇಳಬಾರದೆಂದು ನನ್ನ ಅಮ್ಮ ಕಲಿಸಿದ್ದಳು, ಬರೆಯಬಾರದೆಂದು ಹೇಳಿರಲಿಲ್ಲ. ಅವರದು ಮನೆಯಲ್ಲಿ ತುಳು, ನನ್ನದು ಕನ್ನಡ. ಮದುವೆಯಾದ ಹೊಸತರಲ್ಲಿ ನನ್ನ ತುಳು ಕೇಳಿ ಅವರಿಗೆ ನಗು ತಡೆಯುತ್ತಿರಲಿಲ್ಲ. ಕೊನೆಗೆ ಪಾಪ, ಅವರೇ ಕನ್ನಡಕ್ಕೆ ಬಂದರು. ಸಿಟ್ಟು ಬಂದಾಗ ಮಾತ್ರ ತುಳು. ಹಾಗಾಗಿ ನಮ್ಮ ಮನೆಯಲ್ಲಿ ತುಳು ಕೇಳಿದ್ದು ಬಹಳ ಕಡಿಮೆ.

ಮೂವತ್ತೈದು ವರ್ಷ ಸೈಕಲ್ ರಿಪೇರಿ ಮಾಡಿದವರು. ಪಂಕ್ಚರ್, ಚೈನು, ಪೆಡಲು ಎಲ್ಲ ಮಾಡುತ್ತಿದ್ದರು, ಆದರೆ ಬ್ರೇಕ್ ಎಂದರೆ ಅವರಿಗೆ ದೇವರ ಕೆಲಸದ ಹಾಗೆ. ಬ್ರೇಕ್ ಕಟ್ಟಿ ಆದ ಮೇಲೆ ಚಕ್ರ ಎತ್ತಿ ತಿರುಗಿಸಿ, ಕಿವಿ ಹತ್ತಿರ ತಂದು, ಹಿಡಿ ಒತ್ತುವರು. ಎರಡು ಬದಿಯ ರಬ್ಬರೂ ಒಟ್ಟಿಗೆ ತಾಗಿದ ಶಬ್ದ ಬಂದರೆ ಮಾತ್ರ ಸೈಕಲ್ ಅಂಗಡಿಯಿಂದ ಹೊರಗೆ. ಅವರು ಕಟ್ಟಿದ ಬ್ರೇಕಿನಿಂದ ಯಾರಾದರೂ ಬಿದ್ದರು ಎಂಬ ಮಾತು ಪೇಟೆಯಲ್ಲಿ ಇರಲಿಲ್ಲ. ಅವರಿಗಿದ್ದ ಆಸ್ತಿ ಅದೊಂದೇ.

ನಾನು ಹೇಳುತ್ತಿರುವುದು ಕೊರೋನ ಮುಗಿದು ಶಾಲೆಗಳು ಸರಿಯಾಗಿ ತೆರೆದ ಮೇಲಿನ ಮಳೆಗಾಲದ ವಿಷಯ. ನಮ್ಮ ಹತ್ತಿರದ ಶಾಲೆಯ ಹುಡುಗಿಯರಿಗೆಂದು ನಲವತ್ತು ಸೈಕಲ್ ಬಂದಿದ್ದವು. ಬಂದ ಕೂಡಲೇ ಶಾಲೆ ಮುಚ್ಚಿತು. ಸೈಕಲುಗಳು ಎರಡು ಮಳೆಗಾಲ ಶೆಡ್ಡಿನಲ್ಲಿ ನಿಂತಲ್ಲೇ ನಿಂತು ತುಕ್ಕು ಹಿಡಿದವು. ತೆರೆದು ನೋಡಿದರೆ ಉಳಿದದ್ದೆಲ್ಲ ಎಣ್ಣೆ ಕೊಟ್ಟರೆ ಸರಿಯಾಗುವಂಥದ್ದೇ, ಬ್ರೇಕಿನ ಅಡ್ಜಸ್ಟರ್ ಸ್ಕ್ರೂ ಮಾತ್ರ ಒಂದೂ ಮಿಸುಕುವುದಿಲ್ಲ. ಹ್ಯಾಂಡಲಿನಲ್ಲಿ ಬ್ರೇಕಿನ ಹಿಡಿ ಇರುತ್ತದಲ್ಲ, ಅದರ ಬುಡದಲ್ಲಿ ಕೇಬಲ್ ಹೊರಡುವ ಜಾಗದಲ್ಲಿ ಇರುವ ಸಣ್ಣ ಸ್ಕ್ರೂ ಅದು. ನಡುವೆ ತೂತು, ಕೇಬಲ್ ಅದರೊಳಗಿಂದಲೇ ಹೋಗುವುದು. ಹೊರಕ್ಕೆ ತಿರುಗಿಸಿದರೆ ಬ್ರೇಕ್ ಬಿಗಿ, ಒಳಕ್ಕೆ ತಿರುಗಿಸಿದರೆ ಸಡಿಲ. ಒಂದು ಸೈಕಲಿಗೆ ಎರಡು, ನಲವತ್ತಕ್ಕೆ ಎಂಬತ್ತು.

ಶಾಲೆಯ ಸುನೀತಾ ಟೀಚರ್, ಅಲ್ಲಿಯ ಹೆಡ್‌ಮಿಸ್ಟ್ರೆಸ್, ಸ್ವತಃ ಅಂಗಡಿಗೆ ಬಂದು ಕೇಳಿದರು. “ಐತಪ್ಪಣ್ಣ, ಎಲ್ಲ ಸ್ಕ್ರೂ ಬದಲಿಸಿ ಕೊಡ್ಬೇಕು. ಹುಡುಗಿಯರು ಎರಡು ವರ್ಷದಿಂದ ಸೈಕಲನ್ನು ನೋಡ್ತಾ ಮಾತ್ರ ಇದ್ದಾರೆ.”

“ಅದಕ್ಕೆಂತ ಟೀಚರ್, ಐದೈದು ಕಳಿಸಿ ಕೊಡಿ” ಎಂದರು ಇವರು. ಎರಡೂ ಕೈಯಲ್ಲಿ ಒಂದು ಹಳೇ ಬನಿಯನ್ನಿನ ತುಂಡು ಹಿಡಿದು ಉಜ್ಜುತ್ತಾ ನಿಂತಿದ್ದರು. ಟೀಚರ್ ಹೋದ ಮೇಲೂ ಉಜ್ಜುತ್ತಲೇ ಇದ್ದರು.

ಆ ಬಟ್ಟೆಯ ತುಂಡು ಕೆಲವು ತಿಂಗಳಿಂದ ಅವರ ಕೈ ಬಿಟ್ಟಿರಲಿಲ್ಲ. ನನಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಚಾವನ್ನು ಪೂರ್ತಿ ಆರಿದ ಮೇಲೆ ಕುಡಿಯುವುದು, ಅದೂ ಅರ್ಧ ಗ್ಲಾಸು ಮಾತ್ರ ಕೇಳುವುದು, ಊಟಕ್ಕೆ ಕೂತರೆ ಗೋಡೆಯ ಕಡೆ ತಿರುಗಿ ಕೂರುವುದು, ಇದೆಲ್ಲ ವಯಸ್ಸಾದ ಗಂಡಸರ ಕಿರಿಕಿರಿ ಎಂದುಕೊಂಡಿದ್ದೆ. ಗದರಿದ್ದೂ ಉಂಟು. ಊಟ ಕೊಡಲು ಅಂಗಡಿಗೆ ಹೋದಾಗ ಸ್ಕ್ರೂಗಳು ನೆಲದಲ್ಲಿ ಚೆಲ್ಲಿ ಬಿದ್ದಿರುತ್ತಿದ್ದವು. “ಕಣ್ಣು ಮಂದ ಆಗಿದೆ ಲಲಿತಾ, ಸಣ್ಣದು ಕಾಣುದಿಲ್ಲ” ಎನ್ನುತ್ತಿದ್ದರು. ನಾನು ನಂಬಿದೆ. ಕಾಸರಗೋಡಿಗೆ ಕರೆದುಕೊಂಡು ಹೋಗಿ ಕಣ್ಣು ಪರೀಕ್ಷೆ ಮಾಡಿಸಿದೆ. ಡಾಕ್ಟರರು ಕಣ್ಣಿಗೆ ಲೈಟು ಹಾಕಿ ನೋಡಿ, ಆಮೇಲೆ ಕೈಯಲ್ಲಿದ್ದ ಬಟ್ಟೆ ಕೆಳಗಿಡಲು ಹೇಳಿದರು. ಇವರು ಇಡಲಿಲ್ಲ. ಡಾಕ್ಟರರು ಮೆಲ್ಲನೆ ತಾವೇ ತೆಗೆದರು. ಬಲಗೈ, ಎಡಗೈ, ಎರಡೂ ತೊಡೆಯ ಮೇಲೆ ಕೂತಲ್ಲೇ ನಡುಗುತ್ತಿದ್ದವು.

ನನ್ನಿಂದ ಒಂದು ವರ್ಷ ಬಚ್ಚಿಟ್ಟಿದ್ದರು. ಒಂದೇ ಮನೆ, ಒಂದೇ ಅಡುಗೆ, ಒಂದೇ ಚಾಪೆ. ನನ್ನ ಕಣ್ಣಿಗೇ ಕನ್ನಡಕ ಬೇಕಿತ್ತು.

ನಡುಗುವ ಕಾಯಿಲೆ, ಗುಣವಾಗುವುದಿಲ್ಲ, ಮಾತ್ರೆಯಿಂದ ಸ್ವಲ್ಪ ಹಿಡಿತಕ್ಕೆ ಬರುತ್ತದೆ ಎಂದು ಬೇರೆ ಡಾಕ್ಟರರು ಹೇಳಿದರು. ಬಸ್ಸಿನಲ್ಲಿ ಬರುವಾಗ ಇವರು ಕಿಟಕಿಯ ಹೊರಗೆ ನೋಡುತ್ತ ಹೇಳಿದ್ದು ಒಂದೇ ಮಾತು: “ಪೇಟೆಯಲ್ಲಿ ಯಾರಿಗೂ ಗೊತ್ತಾಗುದು ಬೇಡ. ಕೈ ನಡುಗುವವನ ಹತ್ರ ಯಾರು ಬ್ರೇಕ್ ಕಟ್ಟಿಸ್ತಾರೆ?”

ಮರುದಿನ ನಾನು ಅಂಗಡಿಗೆ ಹೋಗಿ ಕೂತೆ. ಇಪ್ಪತ್ತು ವರ್ಷ ಬ್ಲೌಸಿಗೆ ಹುಕ್ಕು ಹೊಲಿದವಳಿಗೆ ಸ್ಕ್ರೂ ಯಾವ ಲೆಕ್ಕ. ಯಾರಾದರೂ ಕೇಳಿದರೆ “ಶಾಲೆಯ ಕೆಲಸ ತುಂಬ ಉಂಟು, ಕೈಜೋಡಿಸಲಿಕ್ಕೆ ಬಂದಿದ್ದೇನೆ” ಎನ್ನುತ್ತಿದ್ದೆ. ಮೂಗು ಮುರಿದವರು ಇಲ್ಲದಿಲ್ಲ. ಹೆಂಗಸು ಬ್ರೇಕ್ ಕಟ್ಟಿದರೆ ಸೈಕಲ್ ನಿಲ್ಲುತ್ತದಾ ಎಂದು ಎದುರಿನ ಹೋಟೆಲಿನಲ್ಲಿ ಚರ್ಚೆಯೇ ಆಯಿತಂತೆ. ನಾನು ಹೊಲಿದ ಬ್ಲೌಸು ಹರಿದಾಗ ಹೀಗೆ ಯಾರೂ ಚರ್ಚೆ ಮಾಡಿರಲಿಲ್ಲ.

ಅವರು ಕಲಿಸಿದ ಕ್ರಮ ಹೀಗೆ. ಹಳೇ ಸ್ಕ್ರೂವಿಗೆ ಸೀಮೆಎಣ್ಣೆ ಬಿಟ್ಟು ಕಾಯಬೇಕು. ಅವಸರ ಮಾಡಿದರೆ ಮುರಿದು ಒಳಗೇ ಉಳಿಯುತ್ತದೆ. ಹೊಸತನ್ನು ಬೆರಳಲ್ಲೇ ಪೂರ್ತಿ ಒಳಕ್ಕೆ ತಿರುಗಿಸಿ, ಅಲ್ಲಿಂದ ಎರಡು ಸುತ್ತು ಮಾತ್ರ ಹೊರಕ್ಕೆ ತರಬೇಕು. ಆಮೇಲೆ ಕೆಳಗೆ ಚಕ್ರದ ಹತ್ತಿರ ಒಬ್ಬರು ಎರಡೂ ಬದಿಯ ರಬ್ಬರನ್ನು ರಿಮ್ಮಿಗೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಇಕ್ಕಳದಲ್ಲಿ ಕೇಬಲ್ ಎಳೆದು ನಟ್ಟು ಬಿಗಿಯಬೇಕು. ಮೊದಲು ಇದನ್ನು ಅವರೊಬ್ಬರೇ ಮಾಡುತ್ತಿದ್ದರು. ಈಗ ಒತ್ತಿ ಹಿಡಿಯುವುದು ಅವರ ಕೆಲಸ, ಎಳೆದು ಬಿಗಿಯುವುದು ನನ್ನದು. ಸುಮ್ಮನಿದ್ದಾಗ ನಡುಗುವ ಕೈ ಗಟ್ಟಿಯಾಗಿ ಏನನ್ನಾದರೂ ಹಿಡಿದರೆ ತಣ್ಣಗಾಗುತ್ತಿತ್ತು.

“ಸ್ಕ್ರೂ ಹೆಚ್ಚಿನಂಶ ಒಳಗೇ ಇರ್ಬೇಕು” ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. “ಮುಂದೆ ರಬ್ಬರ್ ಸವೆದಾಗ ಆ ಮಕ್ಕಳೇ ಸ್ವಲ್ಪ ಸ್ವಲ್ಪ ಹೊರಗೆ ತಿರುಗಿಸ್ಲಿಕ್ಕೆ ಜಾಗ ಬೇಕಲ್ಲ. ಪೂರ್ತಿ ಹೊರಗೆ ಬಂದ್ರೆ ಅದಕ್ಕೆ ಹಿಡಿತ ಇಲ್ಲ.”

“ಗೊತ್ತುಂಟು ಮಾರಾಯ್ರೆ, ಎಷ್ಟು ಸಲ ಹೇಳ್ತೀರಿ?”

“ನೀನು ಟೈಲರ್ ಅಲ್ವಾ. ಟೈಲರಿಗೆ ಬಿಗಿ ಮಾಡುದೇ ಅಭ್ಯಾಸ.”

ಆ ಎರಡು ತಿಂಗಳು ನಾವು ಮದುವೆಯಾದ ಮೇಲೆ ಅತಿ ಹೆಚ್ಚು ಮಾತಾಡಿದ ಕಾಲ. ಮಳೆ ಮಾಡಿನ ಶೀಟಿನ ಮೇಲೆ ಧಬಧಬ ಬೀಳುತ್ತಿತ್ತು, ರಸ್ತೆಯ ಕೆಂಪು ನೀರು ಅಂಗಡಿಯ ಮೆಟ್ಟಿಲಿನವರೆಗೆ ಬರುತ್ತಿತ್ತು, ಗಿರಾಕಿಗಳು ಕಡಿಮೆ. ಒಂದು ಸೈಕಲಿನ ಆಚೆ ಈಚೆ ಕೂತು, ತಲೆಗೆ ತಲೆ ತಾಗುವಷ್ಟು ಹತ್ತಿರ ಬಗ್ಗಿ, ಕೆಲಸ ಮಾಡುತ್ತಿದ್ದೆವು. ಬ್ರೇಕ್ ಆದ ಮೇಲೆ ನಾನು ಚಕ್ರ ತಿರುಗಿಸುವುದು, ಅವರು ಕಣ್ಣು ಮುಚ್ಚಿ ಕೇಳುವುದು. “ಎಡಬದಿ ಮೊದಲು ತಾಗ್ತದೆ” ಎಂದರೆ ಸರಿ ಮಾಡಬೇಕು. “ಆಯ್ತು” ಎಂದರೆ ನನಗೆ ಪರೀಕ್ಷೆ ಪಾಸಾದ ಹಾಗೆ. ಐವತ್ತೆರಡನೇ ವಯಸ್ಸಿನಲ್ಲಿ ಗಂಡನಿಂದ ಶಹಬ್ಬಾಸ್ ಅನ್ನಿಸಿಕೊಳ್ಳಲು ಹೀಗೆ ಬೆಳಿಗ್ಗೆ ಒಂಬತ್ತಕ್ಕೆ ಹೊರಡುತ್ತೇನೆಂದು ನಾನು ಎಣಿಸಿರಲಿಲ್ಲ. ಖುಷಿಯಾಗಿದ್ದೆ. ಅವರ ಕಾಯಿಲೆಯ ಕಾಲದಲ್ಲಿ ನಾನು ಖುಷಿಯಾಗಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ ಅದೇ.

ಇಪ್ಪತ್ತೈದು ಸೈಕಲ್ ಆಗಿ ಹೋದವು. ಹುಡುಗಿಯರು ಬಣ್ಣಬಣ್ಣದ ರೇನ್‌ಕೋಟ್ ಹಾಕಿ ಅಂಗಡಿಯೆದುರು ಹೋಗುವಾಗ ಬೇಕೆಂದೇ ಬ್ರೇಕ್ ಹಿಡಿದು ನಿಲ್ಲಿಸಿ, ಇವರ ಕಡೆ ನೋಡಿ ನಗುತ್ತಿದ್ದರು. ಇವರು ಬಟ್ಟೆಯ ತುಂಡು ಹಿಡಿದ ಕೈಯನ್ನೇ ಒಂದಿಷ್ಟು ಎತ್ತುತ್ತಿದ್ದರು.

ಆಮೇಲಿನ ಐದು ಸೈಕಲ್ ಬಂದದ್ದು ಒಂದು ಗುರುವಾರ. ಶುಕ್ರವಾರ ಶಾಲೆ ಬಿಡುವ ಹೊತ್ತಿಗೆ ಕೊಡುತ್ತೇವೆಂದು ಹೇಳಿದ್ದೆವು. ಶುಕ್ರವಾರ ಮಧ್ಯಾಹ್ನಕ್ಕೆ ನಾಲ್ಕು ಮುಗಿದು ಒಂದು ಉಳಿದಿತ್ತು. ಆ ವಾರ ಡಾಕ್ಟರರು ಮಾತ್ರೆ ಹೆಚ್ಚು ಮಾಡಿದ್ದರು. ಊಟವಾಗಿ ಮಾತ್ರೆ ತೆಗೆದುಕೊಂಡವರೇ ಅಂಗಡಿಯ ಹಿಂದಿನ ಬೆಂಚಿನಲ್ಲಿ ಮಲಗಿ ನಿದ್ದೆ ಹೋದರು. ನಾನು ಹೊಸ ಸ್ಕ್ರೂ ಹಾಕಿದೆ, ಕೇಬಲ್ ಪೋಣಿಸಿದೆ. ಇನ್ನು ರಬ್ಬರ್ ಒತ್ತಿ ಹಿಡಿಯಲು ಅವರು ಬೇಕು. ಎಬ್ಬಿಸಲೆಂದು ಹತ್ತಿರ ಹೋದೆ. ಎದೆಯ ಮೇಲಿದ್ದ ಎರಡು ಕೈಗಳೂ ಅಲ್ಲಾಡುತ್ತಿರಲಿಲ್ಲ. ನಿದ್ದೆಯಲ್ಲಿ ನಡುಕ ನಿಲ್ಲುತ್ತದೆಂದು ಡಾಕ್ಟರರು ಹೇಳಿದ್ದರು. ಹಗಲು ಬೆಳಕಿನಲ್ಲಿ ಆ ಕೈಗಳನ್ನು ಅಷ್ಟು ಸುಮ್ಮನೆ ನಾನು ನೋಡಿ ಎಷ್ಟೋ ಕಾಲವಾಗಿತ್ತು. ಎಬ್ಬಿಸಲು ಮನಸ್ಸು ಬರಲಿಲ್ಲ.

ಒಬ್ಬಳೇ ಒತ್ತಿ ಎಳೆದು ನೋಡಿದೆ. ಕೇಬಲ್ ಜಾರಿ ಸಡಿಲವೇ ನಿಂತಿತು. ಮೂರು ಸಲ ಹಾಗೆಯೇ ಆಯಿತು. ಗಂಟೆ ಮೂರೂವರೆ. ಆಗ ಮೇಲಿನಿಂದ ಅಡ್ಜಸ್ಟರ್ ಸ್ಕ್ರೂವನ್ನು ಹೊರಕ್ಕೆ ತಿರುಗಿಸಿದೆ. ಬ್ರೇಕ್ ಬಿಗಿಯಾಗುತ್ತಾ ಬಂತು. ಇನ್ನೂ ತಿರುಗಿಸಿದೆ. ಹಿಡಿ ಒತ್ತಿದರೆ ಕಲ್ಲಿನ ಹಾಗೆ ನಿಂತಿತು. ಸ್ಕ್ರೂವಿನ ಬಹುಪಾಲು ಹೊರಗಿತ್ತು. ಅದು ನನಗೆ ಕಾಣುತ್ತಿತ್ತು. ಸೋಮವಾರ ವಾಪಸ್ ತರಿಸಿ ಇಬ್ಬರೂ ಸೇರಿ ಸರಿ ಮಾಡಿದರಾಯಿತು ಎಂದುಕೊಂಡೆ. ಚಕ್ರ ತಿರುಗಿಸಿ ಕಿವಿ ಕೊಡಲು ನನಗೆ ಬರುತ್ತಿರಲಿಲ್ಲ, ಅದು ಅವರ ಕೆಲಸ. ಸೈಕಲನ್ನು ಕಳಿಸಿಬಿಟ್ಟೆ.

ಅವರು ಎದ್ದು ಕೇಳಿದರು. “ಎಲ್ಲ ಹೋಯ್ತಾ?”

“ಹೋಯ್ತು. ನೀವು ಚೆನ್ನಾಗಿ ನಿದ್ದೆ ಮಾಡಿದಿರಿ” ಎಂದೆ.

ಆ ಸೈಕಲ್ ಶಮೀಮ ಎಂಬ ಒಂಬತ್ತನೇ ಕ್ಲಾಸಿನ ಹುಡುಗಿಯದು. ಶನಿವಾರ ಬೆಳಿಗ್ಗೆ ಟ್ಯೂಷನ್ನಿಗೆ ಹೊರಟವಳು ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಮುಂದಿನ ಬ್ರೇಕಿನ ಸ್ಕ್ರೂ ಕಿತ್ತು ಬಂತು. ಕೇಬಲ್ ಸಡಿಲಾಯಿತು. ಕೆಳಗಿನ ತಿರುವಿನಲ್ಲಿ ಕೆಂಪು ಮುರಕಲ್ಲಿನ ಗೋಡೆಗೆ ಹೊಡೆದು ಬಿದ್ದಳು. ಬಲ ಮೊಣಕೈ ಮುರಿಯಿತು. ಆಪರೇಷನ್ ಆಯಿತು. ಜೀವಕ್ಕೆ ಏನೂ ಆಗಲಿಲ್ಲ, ಆದರೆ ಆ ಕೈ ಪೂರ್ತಿ ನೇರ ಮಾಡಲು ಅವಳಿಗೆ ಈಗಲೂ ಆಗುವುದಿಲ್ಲವಂತೆ.

ಸೋಮವಾರ ಸುನೀತಾ ಟೀಚರ್ ಶಾಲೆಗೆ ಬರಹೇಳಿದರು. ಇಬ್ಬರೂ ಹೋದೆವು. ವರಾಂಡದಲ್ಲಿ ಮುಂದಿನ ಚಕ್ರ ಸೊಟ್ಟಗಾದ ಆ ಸೈಕಲ್ ಗೋಡೆಗೆ ಒರಗಿತ್ತು. ಶಮೀಮಳ ಅಪ್ಪ ಹಸೈನಾರ್, ಗೂಡ್ಸ್ ಆಟೋ ಓಡಿಸುವವರು, ಆಸ್ಪತ್ರೆಯಿಂದ ನೇರ ಬಂದಿದ್ದರು. ಎರಡು ದಿನ ಮಲಗದ ಮುಖ. ಇನ್ನೂ ಕೆಲವು ಹುಡುಗಿಯರ ಅಪ್ಪ ಅಮ್ಮಂದಿರೂ ಇದ್ದರು. ಇವರು ಬಗ್ಗಿ ಬ್ರೇಕಿನ ಹಿಡಿ ನೋಡಿದರು. ಹಿಂದಿನ ಬ್ರೇಕಿನ ಸ್ಕ್ರೂ ಇನ್ನೂ ಅಲ್ಲೇ ಇತ್ತು, ಅದನ್ನೂ ನಾನು ಹಾಗೆಯೇ ಹೊರಕ್ಕೆ ತಂದಿದ್ದೆ. ಅದರ ಮೇಲೆ ಹೆಬ್ಬೆರಳು ಇಟ್ಟು ಎಷ್ಟು ಹೊರಗಿದೆಯೆಂದು ನೋಡಿದರು. ಅವರಿಗೆ ಎಲ್ಲ ಗೊತ್ತಾಯಿತು. ನನ್ನ ಕಡೆ ನೋಡಲಿಲ್ಲ.

ಹಸೈನಾರ್ ಜೋರು ಮಾಡಲಿಲ್ಲ. “ಐತಪ್ಪಣ್ಣ, ನಂಗೆ ಒಂದು ಗೊತ್ತಾಗ್ಬೇಕು. ನೀವು ಮಾಡಿದ ಬ್ರೇಕ್ ಹೀಗಾಗುದಿಲ್ಲ. ಇದಕ್ಕೆ ಕೈ ಹಾಕಿದ್ದು ನಿಮ್ಮ ಹೆಂಡತಿ ಅಲ್ವಾ?”

“ಅಲ್ಲ. ನಾನೇ” ಎಂದರು ಇವರು. “ಅವಳು ಇದಕ್ಕೆ ಕೈ ಹಾಕ್ಲೇ ಇಲ್ಲ.”

“ಮೂವತ್ತೈದು ವರ್ಷ ಮಾಡಿದವರು ಸ್ಕ್ರೂ ಹೀಗೆ ಬಿಡ್ತೀರಾ? ಟೀಚರ್, ನೀವು ನಂಬ್ತೀರಾ?”

ಟೀಚರ್ ನನ್ನ ಕಡೆ ನೋಡಿದರು. ಎಲ್ಲರೂ ನೋಡಿದರು. ಆಗ ಇವರು ಬಟ್ಟೆಯ ತುಂಡನ್ನು ಸೈಕಲಿನ ಸೀಟಿನ ಮೇಲಿಟ್ಟು ಎರಡೂ ಕೈಗಳನ್ನು ಮುಂದೆ ಚಾಚಿದರು.

“ನೋಡಿ” ಎಂದರು. “ವರ್ಷ ಆಯ್ತು. ಯಾರಿಗೂ ಹೇಳ್ಲಿಲ್ಲ. ಹೇಳ್ಬೇಕಿತ್ತು. ಇವಳು ಮಾಡಿದ ಇಪ್ಪತ್ತೊಂಬತ್ತು ಸೈಕಲ್ ಸರಿ ಉಂಟು, ಬೇಕಾದ್ರೆ ನೋಡಿ. ನಾನು ಮುಟ್ಟಿದ್ದು ಇದೊಂದೇ.”

ಆ ಕೈಗಳು ಎಲ್ಲರೆದುರು ನಡುಗುತ್ತಿದ್ದವು. ಹಸೈನಾರ್ ತಲೆ ತಗ್ಗಿಸಿದರು. ಹೇಳಬೇಕಾದವಳು ನಾನು. ನನ್ನ ಬಾಯಿಂದ ಮಾತು ಹೊರಡಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಮಾತು ನಾಲಗೆಯ ತುದಿಯಲ್ಲೇ ಇತ್ತು. ಆ ಹುಡುಗಿಯ ಅಪ್ಪನಿಗೆ ಹೆದರಿದೆ, ಪೇಟೆಗೆ ಹೆದರಿದೆ, ನುಂಗಿಕೊಂಡೆ.

ಮನೆಗೆ ಬಂದ ಮೇಲೆ ಅಳುತ್ತಾ, ಬೈಯಿರಿ ಎಂದೆ. ತುಳುವಿನಲ್ಲಾದರೂ ಬೈಯಲಿ ಎಂದು ಕಾದೆ.

“ನನ್ನನ್ನು ಎಬ್ಬಿಸ್ಬೇಕಿತ್ತು ಲಲಿತಾ” ಎಂದರು. ಅಷ್ಟೇ ಬೈದದ್ದು. ಆಮೇಲೆ ಹೇಳಿದರು: “ನನ್ನ ಕೈ ಹೇಗೂ ಹೋಗಿ ಆಯ್ತು. ನಿನ್ನ ಕೈಯ ಹೆಸರು ಹೋದ್ರೆ ಅಂಗಡಿ ನಡೆಸುದು ಯಾರು? ನಾಳೆ ನೀನೇ ಬಾಗಿಲು ತೆಗಿ.”

ನಾನು ತೆಗೆಯಲಿಲ್ಲ. ತೆಗೆಯಲೆಂದು ಹೋದೆ, ಬೀಗಕ್ಕೆ ಕೀ ಹಾಕಿ ನಿಂತೆ. ಒಳಗೆ ಹೋಗಿ ಇನ್ನೊಂದು ಮಗುವಿನ ಬ್ರೇಕಿಗೆ ಕೈ ಹಾಕುವ ಧೈರ್ಯ ನನ್ನಲ್ಲಿ ಇರಲಿಲ್ಲ. ಮನೆಯಲ್ಲಿ ಮಾತ್ರ ಬಾಗಿಲು ತೆಗೆದೆ ಎಂದೇ ಹೇಳಿದೆ, ಇವರು ಆಮೇಲೆ ಪೇಟೆಯ ಕಡೆ ಹೋಗಲೇ ಇಲ್ಲ. ಶಾಲೆಯವರು ಉಳಿದ ಹತ್ತು ಸೈಕಲುಗಳನ್ನು ಬೇರೆ ಕಡೆ ಕೊಟ್ಟರು. ಪೇಟೆಯವರು ಇವರ ಮೇಲೆ ಸಿಟ್ಟು ಮಾಡಲಿಲ್ಲ, ಪಾಪ ಎಂದರು. ಹಸೈನಾರ್ ಒಂದು ದಿನ ಕಿತ್ತಳೆ ಹಣ್ಣು ತಂದು ಕೊಟ್ಟು, ಇವರ ಕೈ ಹಿಡಿದು ಕೂತು ಹೋದರು. ಚಾ ಮಾಡಿಕೊಟ್ಟೆ. ಆಗಲೂ ನಾನು ಹೇಳಲಿಲ್ಲ. ಮೂವತ್ತೈದು ವರ್ಷದ ಹೆಸರು ನನ್ನ ಒಂದು ಸ್ಕ್ರೂವಿನಲ್ಲಿ ಹೋಯಿತು, ಮತ್ತು ಅದನ್ನು ವಾಪಸ್ ಕೊಡಲು ನನಗೆ ಒಂದು ವಾಕ್ಯ ಸಾಕಿತ್ತು.

ಬೇಸಗೆಗೆ ಅಂಗಡಿಯ ಕೋಣೆ ಬಿಟ್ಟುಕೊಟ್ಟೆ. ಅಷ್ಟರಲ್ಲಿ ಇವರು ನಡೆಯುವುದು ನಿಂತಿತ್ತು. ಅವರಿಗೆ ಹೇಳಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ “ಅಂಗಡಿ ತೆಗೀತೀಯಲ್ಲ?” ಎಂದು ಕೇಳುವರು. ಪಕ್ಕದ ಮನೆಯವಳನ್ನು ಹತ್ತಿರ ಕೂರಿಸಿ, ಊಟದ ಬುತ್ತಿ ಹಿಡಿದು ಹೊರಡುವೆ. ಬಸ್‌ಸ್ಟ್ಯಾಂಡಿನ ಕಟ್ಟೆಯಲ್ಲಿ ಎರಡು ಮೂರು ಗಂಟೆ ಕೂತು ವಾಪಸ್ ಬರುವೆ. ಬಂದ ಮೇಲೆ ಅವರಿಗೆ ವರದಿ ಬೇಕು. ಎರಡು ಪಂಕ್ಚರ್, ಒಂದು ಚೈನು, ಒಂದು ಬ್ರೇಕ್ ಎಂದು ಬಸ್ಸಿಗೆ ಕಾಯುವವರನ್ನು ನೋಡುತ್ತಾ ಹೊಂದಿಸಿಟ್ಟದ್ದನ್ನು ಹೇಳುವೆ.

“ಸ್ಕ್ರೂ ಎಷ್ಟು ಹೊರಗೆ ಬಿಟ್ಟೆ?”

“ಎರಡು ಸುತ್ತು.”

“ಆಯ್ತು” ಎನ್ನುವರು. ಹಿಂದೆ ಚಕ್ರ ಕೇಳಿ ಹೇಳುತ್ತಿದ್ದ ಅದೇ ಆಯ್ತು. ನನಗೆ ಅಡುಗೆಮನೆಗೆ ಹೋಗಿ ನಿಲ್ಲಬೇಕಾಗುತ್ತಿತ್ತು.

ಮುಂದಿನ ಮಳೆಗಾಲದಲ್ಲಿ ಅವರ ಎದೆಗೆ ಕಫ ಕಟ್ಟಿತು. ಮಾತು ಪಿಸುಗುಟ್ಟಿದಷ್ಟೇ ಬರುತ್ತಿತ್ತು. ಕೊನೆಯ ದಿನ ಮಧ್ಯಾಹ್ನ ನಾನು ಒಳಗೆ ಬಂದು ಕೊಡೆ ಇಡುತ್ತಿದ್ದಾಗ ಕರೆದರು. ಬಗ್ಗಿ ಬಾಯಿಯ ಹತ್ತಿರ ಕಿವಿ ಕೊಟ್ಟೆ.

“ಆ ಹುಡುಗಿಯ ಸೈಕಲ್ ಬಂತಾ?”

“ಬಂತು” ಎಂದೆ.

“ಸರಿ ಮಾಡಿ ಕೊಟ್ಟೆಯಾ?”

“ಕೊಟ್ಟೆ. ಓಡಿಸಿಕೊಂಡೇ ಹೋದಳು.”

ಅವರ ಮುಖ ಸಡಿಲಾಯಿತು. “ಹಾಗಾದ್ರೆ ನಂಗೆ ಇನ್ನು ಎಂತ ಇಲ್ಲ” ಎಂದು ಕಣ್ಣು ಮುಚ್ಚಿದರು. ಸಂಜೆ ಆರು ಗಂಟೆಗೆ ಹೋದರು. ಶಮೀಮ ಬಿದ್ದ ಮೇಲೆ ಸೈಕಲ್ ಹತ್ತಲೇ ಇಲ್ಲ. ಆ ಸೈಕಲ್ ಅವತ್ತೂ ಶಾಲೆಯ ಶೆಡ್ಡಿನಲ್ಲಿ, ನಾನು ಹೊರಕ್ಕೆ ತಿರುಗಿಸಿದ ಹಿಂದಿನ ಬ್ರೇಕಿನ ಸ್ಕ್ರೂ ಸಮೇತ, ಹಾಗೆಯೇ ನಿಂತಿತ್ತು.